ಟರ್ನರನ ಯುಲಿಸೀಸ್

ಟ್ರಾಯ್ ಯುದ್ಧ ಮುಗಿಸಿ ಊರಿಗೆ ಹೊರಟ ಯುಲಿಸೀಸನು ಪಾಲಿಫೀಮಸನೆಂಬ ಒಕ್ಕಣ್ಣ ರಾಕ್ಷಸನ ಗುಹೆಯಲ್ಲಿ ಸಿಕ್ಕಿಬಿದ್ದ ಕಥೆ ಹೋಮರನ ‘ಒಡಿಸ್ಸಿ’ಯ ಒಂಬತ್ತನೆಯ ಸರ್ಗದಲ್ಲಿದೆ. ರಾಕ್ಷಸನು ಹೊತ್ತಿಗಿಬ್ಬರಂತೆ ಸಂಗಡಿಗರನ್ನು ನುಂಗತೊಡಗಲು, ಯುಲಿಸೀಸನು ತನ್ನ ಹೆಸರು ‘ಯಾರೂ ಅಲ್ಲ’ ಎಂದು ಹೇಳಿ, ಅವನಿಗೆ ದ್ರಾಕ್ಷಾರಸ ಕುಡಿಸಿ, ಮಲಗಿದಾಗ ಕಣ್ಣು ತಿವಿದ. ಬೆಳಗಾಗುತ್ತಲೇ ಟಗರುಗಳ ಹೊಟ್ಟೆಗೆ ಅವುಚಿಕೊಂಡು ಹೊರಬಿದ್ದ. ಅಷ್ಟಕ್ಕೇ ಸುಮ್ಮನಿರಬಹುದಿತ್ತು. ಹಡಗು ದಡ ಬಿಟ್ಟ ಮೇಲೆ ಬಾಯಿ ತಡೆಯಲಾರದೆ ತನ್ನ ನಿಜವಾದ ಹೆಸರನ್ನೂ ಊರನ್ನೂ ಕೂಗಿ ಹೇಳಿ ಅವನನ್ನು ಮೂದಲಿಸಿದ. ಪಾಲಿಫೀಮಸನೋ ಕಡಲ ದೇವತೆ ಪೊಸೈಡನ್ನನ ಮಗ. ಹೆಸರು ತಿಳಿಯಿತು; ಶಾಪ ತಟ್ಟಿತು.

ಆಂಗ್ಲ ಚಿತ್ರಕಾರ ಟರ್ನರ್ (1775–1851) ಆರಿಸಿಕೊಂಡದ್ದು ಈ ಮೂದಲಿಕೆಯ ಗಳಿಗೆಯನ್ನೇ. ರೋಮಿನಿಂದ ಹಿಂತಿರುಗಿದ ಆತನು 1829ರಲ್ಲಿ ಲಂಡನ್ನಿನ ರಾಯಲ್ ಅಕಾಡೆಮಿಯಲ್ಲಿ ಈ ತೈಲಚಿತ್ರವನ್ನು ಪ್ರದರ್ಶಿಸಿದ. ಎರಡು ಮೀಟರಿನಷ್ಟು ಅಗಲದ ಈ ಪಟದಲ್ಲಿ ವೀರನನ್ನು ಹುಡುಕಬೇಕು! ಹಡಗಿನ ಮೇಲೆ ಕೈಯೆತ್ತಿ ನಿಂತ ಕೆಂಪುಡುಗೆಯ ಪುಟ್ಟ ಆಕೃತಿಯೇ ಯುಲಿಸೀಸ್. ಎಡಗಡೆಯ ಬಂಡೆಯ ನೆತ್ತಿಯಲ್ಲಿ ಹೊರಳುತ್ತಿರುವುದು ಮೋಡವೋ ರಾಕ್ಷಸನೋ ಎಂದು ಮೊದಲು ತಿಳಿಯುವುದೇ ಇಲ್ಲ. ಹಡಗಿನ ಮೂತಿಯ ಸುತ್ತ ಹಣೆಯಲ್ಲಿ ಚುಕ್ಕಿ ಹೊತ್ತ ಜಲಕನ್ಯೆಯರು ಈಜುತ್ತಾರೆ. ಉಳಿದದ್ದೆಲ್ಲ ಆಕಾಶ, ನೀರು, ಮೂಡುತ್ತಿರುವ ಸೂರ್ಯ.

ಆ ಕಾಲದ ಅಕಾಡೆಮಿಯ ಲೆಕ್ಕದಲ್ಲಿ ಪುರಾಣ, ಚರಿತ್ರೆಗಳ ಚಿತ್ರಕ್ಕೆ ಮೇಲ್ಪಂಕ್ತಿ. ಬೆಟ್ಟ, ಹೊಳೆ, ಕಡಲುಗಳ ಚಿತ್ರಕ್ಕೆ ಬಹು ಕೆಳಗಿನ ಎಲೆ. ಭೂದೃಶ್ಯಕ್ಕೆ ಗೌರವ ಬರಬೇಕಾದರೆ ಅದರಲ್ಲಿ ಒಂದಿಷ್ಟು ಪುರಾಣವನ್ನು ಬೆರೆಸುವುದು ವಾಡಿಕೆ. ಹದಿನೇಳನೆಯ ಶತಮಾನದ ಕ್ಲೋಡ್ ಲೋರೇನ್ ಹಾಗೆ ಮಾಡಿದ್ದ; ಟರ್ನರನಿಗೆ ಆತ ಗುರುಸಮಾನ. ಶಿಷ್ಯನು ಒಂದು ಹೆಜ್ಜೆ ಮುಂದೆ ಹೋದ. ಇಲ್ಲಿ ನಿಸರ್ಗವು ಕಥೆಗೆ ಹಿನ್ನೆಲೆಯಲ್ಲ, ಅದೇ ಕಥೆ. ಸೇಡು ತೀರಿಸಿಕೊಳ್ಳಬೇಕಾದ ಕಡಲು ಹಡಗಿನ ಕೆಳಗೆ ಹೊಳೆಯುತ್ತ ಮಲಗಿದೆ; ಅದು ಕೂಗುವವನಿಗೆ ಕಾಣದು, ನಮಗೆ ಕಾಣುತ್ತದೆ. ಬಣ್ಣಕ್ಕೆ ಹುಚ್ಚು ಹಿಡಿದಿದೆಯೆಂದು ಅಂದಿನ ಪತ್ರಿಕೆಯವರು ಗೊಣಗಿದರು. ಆ ಕಡುಹಳದಿ, ಕೆಂಪುಗಳ ಮುಂದೆ ನಿಂತವರ ಕಣ್ಣು ಕುಕ್ಕಿದ್ದರೆ ಆಶ್ಚರ್ಯವಿಲ್ಲ. ಆದರೆ ದೂರು ಮಾತ್ರ ಅವಸರದ್ದು. ವಿಮರ್ಶಕ ರಸ್ಕಿನ್ ಮುಂದೆ ಇದನ್ನು ಟರ್ನರನ ಜೀವಿತದ ಕೇಂದ್ರಕೃತಿಯೆಂದು ಕರೆದ.

ಟರ್ನರನ ಉಯಿಲಿನ ಮೂಲಕ 1856ರಲ್ಲಿ ರಾಷ್ಟ್ರಕ್ಕೆ ಸೇರಿದ ಚಿತ್ರವು ಲಂಡನ್ನಿನ ನ್ಯಾಷನಲ್ ಗ್ಯಾಲರಿಯ ಸ್ವತ್ತು. ಸೂರ್ಯನ ಮುಂದೆ ಅಪೋಲೋ ದೇವನ ರಥದ ಕುದುರೆಗಳನ್ನು ಆತ ಬರೆದಿದ್ದ. ನಮ್ಮ ಸೂರ್ಯನಿಗೂ ಏಳು ಕುದುರೆಗಳುಂಟಷ್ಟೆ; ಟರ್ನರನು ತನ್ನವನ್ನು ಅಥೆನ್ಸಿನ ಪಾರ್ಥೆನಾನ್ ದೇವಾಲಯದ ಶಿಲ್ಪದಿಂದ ತೆಗೆದುಕೊಂಡಿದ್ದ. ವರ್ಷಗಳು ಕಳೆದಂತೆ ಆ ಗೆರೆಗಳು ಮಾಸಿವೆ. ಈಗ ನೋಡುವವರಿಗೆ ಕುದುರೆಗಳು ಬೆಳಕಿನಲ್ಲಿ ಅರ್ಧ ಕರಗಿದಂತೆ ತೋರುತ್ತವೆ. ಇವೆಯೆಂದು ತಿಳಿದವರಿಗೆ ಮಾತ್ರ ಕಾಣಿಸುತ್ತವೆ.