ಎಡೆದೊರೆಯ ಹೊನ್ನು ಮತ್ತು ಪಾಷಾಣ: ಒಂದು ಚರ್ಮರೋಗದ ಚರಿತ್ರೆ

ಕೃಷ್ಣಾ ತುಂಗಭದ್ರೆಗಳ ನಡುವಣ ನೆಲವನ್ನು ನಮ್ಮ ಶಾಸನಗಳು ಎಡೆದೊರೆ ಎರಡು ಸಾವಿರವೆಂದು ಕರೆದಿವೆ. ಲಿಂಗಸುಗೂರು, ಮಸ್ಕಿ, ಸಿಂಧನೂರುಗಳು ಈ ನೆಲಕ್ಕೆ ಸೇರಿದವು. ಇದಕ್ಕಾಗಿ ಚಾಳುಕ್ಯರೂ ಚೋಳರೂ, ಅನಂತರ ವಿಜಯನಗರದವರೂ ಬಹಮನಿಗಳೂ ಕಾದಾಡಿದುದನ್ನು ಚರಿತ್ರೆಯ ವಿದ್ಯಾರ್ಥಿಗಳೆಲ್ಲರೂ ಬಲ್ಲರು. ಇಲ್ಲಿಯ ಹೊನ್ನಿನ ವಿಷಯವೂ ಸಾಕಷ್ಟು ಚರ್ಚಿತವಾಗಿದೆ. ಆದರೆ ಹೊನ್ನಿನ ಬಂಡೆಯಲ್ಲಿಯೇ ಅಡಗಿರುವ ಮತ್ತೊಂದು ವಸ್ತು ನದಿಯ ಆಚೆಯ ದಡದ ಒಂದು ತಾಂಡಾದ ಜನರ ಮೈಮೇಲೆ ಮೂಡಿಸಿದ ಗುರುತುಗಳನ್ನು ಓದಿದವರು ಚರಿತ್ರಕಾರರಲ್ಲ. ರಸಾಯನಜ್ಞರು ಮತ್ತು ವೈದ್ಯರು.

ಹಟ್ಟಿಯ ಪ್ರಾಚೀನ ಗಣಿಗಳು ಸುಮಾರು 640 ಅಡಿಗಳ ಆಳದವರೆಗೆ ಇಳಿದಿದ್ದವು. ಅವುಗಳಲ್ಲಿ ದೊರೆತ ಮರದ ತುಂಡುಗಳು ಸುಮಾರು ಎರಡು ಸಾವಿರ ವರ್ಷಗಳಷ್ಟು ಹಳೆಯವೆಂದು ಇಂಗಾಲದ ಪರೀಕ್ಷೆಯಿಂದ ತಿಳಿದಿದೆ. ಮಸ್ಕಿಯ ಅಶೋಕಶಾಸನವನ್ನು 1915ರಲ್ಲಿ ಕಂಡ ಬೀಡನ್ ಎಂಬಾತನೂ ಚಿನ್ನವನ್ನು ಅರಸುತ್ತ ಬಂದ ಗಣಿ ಎಂಜಿನಿಯರನೇ. ದೇವಾನಾಂಪ್ರಿಯನ ಹೆಸರು ಅಶೋಕನೆಂಬುದು ಸ್ಥಿರಪಟ್ಟದ್ದು ಹೀಗೆ ಹೊನ್ನಿನ ಹುಡುಕಾಟದ ಉಪಫಲವಾಗಿ. ಬ್ರಹ್ಮಗಿರಿಯ ಶಾಸನದಲ್ಲಿ ಬರುವ ಸುವರ್ಣಗಿರಿಯನ್ನು ಕೆಲವು ವಿದ್ವಾಂಸರು ಈ ಪ್ರದೇಶದಲ್ಲಿಯೇ ಗುರುತಿಸಿರುವುದಕ್ಕೂ ಈ ಗಣಿಗಳೇ ಆಧಾರ.

ಚಿನ್ನವು ಬಂಡೆಯಲ್ಲಿ ಒಂಟಿಯಾಗಿರುವುದು ಅಪೂರ್ವ. ಧಾರವಾಡ ಶಿಲೆಗಳ ಪಟ್ಟಿಗಳಲ್ಲಿ ಅದರೊಡನೆ ಕಬ್ಬಿಣ, ಗಂಧಕ, ಆರ್ಸೆನಿಕ್ ಈ ಮೂರೂ ಕೂಡಿದ ಆರ್ಸೆನೊಪೈರೈಟ್ ಎಂಬ ಖನಿಜವಿರುತ್ತದೆ. ಬಂಡೆಯನ್ನು ಪುಡಿಮಾಡಿ ಚಿನ್ನವನ್ನು ತೆಗೆದ ಮೇಲೆ ಆರ್ಸೆನಿಕ್ ಉಳಿದ ಮಣ್ಣಿನಲ್ಲಿ ನಿಲ್ಲುತ್ತದೆ; ಗಾಳಿ ನೀರುಗಳ ಸಂಪರ್ಕದಿಂದ ಮೆಲ್ಲಗೆ ಕರಗಿ ಹರಡುತ್ತದೆ.

ಈ ವಸ್ತು ನಮ್ಮ ವೈದ್ಯಕ್ಕೆ ಅಪರಿಚಿತವಾದುದಲ್ಲ. ಹರಿತಾಳ, ಮನಶ್ಶಿಲೆಗಳು ಆರ್ಸೆನಿಕ್ಕಿನ ಗಂಧಕಯುಕ್ತ ಖನಿಜಗಳು. ಚರಕಸಂಹಿತೆಯ ಕುಷ್ಠಚಿಕಿತ್ಸೆಯ ಲೇಪಗಳಲ್ಲಿ ಅವು ಸೇರಿವೆ. ಯೂರೋಪಿನಲ್ಲಿ ಫೌಲರನು 1786ರಲ್ಲಿ ಪ್ರಕಟಿಸಿದ ಆರ್ಸೆನಿಕ್ ದ್ರಾವಣವು ಮುಂದೆ ನೂರು ವರ್ಷಗಳಿಗೂ ಮಿಕ್ಕಿ ಚರ್ಮರೋಗಗಳಿಗೆ ಔಷಧವಾಗಿತ್ತು. ಅದನ್ನು ದೀರ್ಘಕಾಲ ಸೇವಿಸಿದ ರೋಗಿಗಳ ಅಂಗೈ ಅಂಗಾಲುಗಳು ಗಡುಸಾಗಿ ಗಂಟುಕಟ್ಟುವುದನ್ನೂ, ಆ ಗಂಟುಗಳಲ್ಲಿ ಅರ್ಬುದ ಹುಟ್ಟುವುದನ್ನೂ ಲಂಡನ್ನಿನ ಜೊನಾಥನ್ ಹಚಿನ್ಸನ್ 1880ರ ದಶಕದಲ್ಲಿ ತೋರಿಸಿಕೊಟ್ಟನು. ಚರ್ಮರೋಗದ ಮದ್ದೇ ಚರ್ಮರೋಗದ ಬೀಜವಾಗಬಲ್ಲುದೆಂದು ಆಗ ಸಿದ್ಧವಾಯಿತು.

ಔಷಧದಿಂದಲ್ಲದೆ ಕುಡಿಯುವ ನೀರಿನಿಂದಲೂ ಹೀಗಾಗುವುದೆಂಬುದು ಬಂಗಾಳದಲ್ಲಿ ತಿಳಿದುಬಂದದ್ದು 1983ರ ಸುಮಾರಿಗೆ. ಕಲ್ಕತ್ತೆಯ ಉಷ್ಣವಲಯ ವೈದ್ಯಶಾಲೆಯ ಚರ್ಮವೈದ್ಯ ಡಾ. ಕೆ. ಸಿ. ಸಾಹಾ ಅವರು ಹಳ್ಳಿಗಳಿಂದ ಬರುತ್ತಿದ್ದ ರೋಗಿಗಳ ಮೈಯ ಕಪ್ಪು ಬಿಳಿ ಚುಕ್ಕೆಗಳನ್ನೂ ಅಂಗೈಯ ಗಂಟುಗಳನ್ನೂ ಕಂಡು, ಕಾರಣವನ್ನು ಕೊಳವೆ ಬಾವಿಯವರೆಗೆ ಅರಸಿಕೊಂಡು ಹೋದರು. ಜಾಧವಪುರ ವಿಶ್ವವಿದ್ಯಾನಿಲಯದ ಪ್ರಾಧ್ಯಾಪಕ ದೀಪಂಕರ ಚಕ್ರವರ್ತಿ ಅವರು ಈ ಶೋಧವನ್ನು ವಿಸ್ತರಿಸಿದರು. (ಪೂರ್ವ ಪಾಕಿಸ್ತಾನದಿಂದ ಬಂದ ಬಂಗಾಳಿ ನಿರಾಶ್ರಿತರು ಸಿಂಧನೂರಿನ ಶಿಬಿರಗಳಲ್ಲಿ ನೆಲೆಸಿದ್ದಾರೆ. ಬಂಗಾಳದ ಜನ ಎಡೆದೊರೆಗೆ ಬಂದಂತೆ ಬಂಗಾಳದ ವಿಜ್ಞಾನವೂ ಇತ್ತ ಬಂದದ್ದು ಕಾಕತಾಳೀಯವಾದರೂ ನೆನೆಯತಕ್ಕದ್ದು.)

ಲಿಂಗಸುಗೂರಿನ ಉತ್ತರಕ್ಕೆ ಕೃಷ್ಣೆಯನ್ನು ದಾಟಿದರೆ ಸುರಪುರದ ಸೀಮೆ. ಅಲ್ಲಿ ಮಂಗಳೂರು ಎಂಬ ಹಳ್ಳಿಯ ಹೆಸರಿನ ಶಿಲಾಪಟ್ಟಿಯೊಂದಿದೆ; ಅದು ಹಟ್ಟಿ-ಮಸ್ಕಿ ಪಟ್ಟಿಯ ನೆರೆಯದು, ಅದೇ ಜಾತಿಯದು. ಕೆಲಸ ನಿಂತುಹೋದ ಚಿನ್ನದ ಗಣಿಯ ಮಣ್ಣು ಅಲ್ಲಿ ಉಳಿದಿದೆ. ಸಮೀಪದ ಕಿರದಳ್ಳಿ ತಾಂಡಾದಲ್ಲಿ ಚಕ್ರವರ್ತಿ ಮತ್ತು ಅವರ ಸಂಗಡಿಗರು ನಡೆಸಿದ ಪರಿಶೋಧನೆಯ ಫಲ 2013ರಲ್ಲಿ ಪ್ರಕಟವಾಯಿತು. ಪರೀಕ್ಷಿಸಿದ 59 ಕೊಳವೆ ಬಾವಿ ನೀರಿನ ಮಾದರಿಗಳಲ್ಲಿ ನೂರಕ್ಕೆ 79ರಲ್ಲಿ ಆರ್ಸೆನಿಕ್ ಲೀಟರಿಗೆ 10 ಮೈಕ್ರೋಗ್ರಾಂ ಎಂಬ ಮಿತಿಯನ್ನು ಮೀರಿತ್ತು. ಅತ್ಯಧಿಕ ಪ್ರಮಾಣ 303. ಮೇಲ್ಮಣ್ಣಿನ 12 ಮಾದರಿಗಳಲ್ಲಿ ಆರರಲ್ಲಿ ಕಿಲೋಗ್ರಾಮಿಗೆ 2000 ಮಿಲಿಗ್ರಾಮಿಗೂ ಮಿಕ್ಕಿದ್ದಿತು. ಕೂದಲು, ಉಗುರುಗಳನ್ನು ಕೊಟ್ಟ 171 ಜನರಲ್ಲಿ ಒಬ್ಬರೂ ಇದರಿಂದ ಹೊರತಾಗಿರಲಿಲ್ಲ. ವೈದ್ಯರು ನೋಡಿದ 181 ಜನರಲ್ಲಿ ನೂರಕ್ಕೆ 58.6ರಷ್ಟು ಮಂದಿಯ ಚರ್ಮದ ಮೇಲೆ ರೋಗದ ಗುರುತುಗಳಿದ್ದವು. ನಾಲ್ವರ ಚರ್ಮದ ತುಣುಕುಗಳನ್ನು ಸೂಕ್ಷ್ಮದರ್ಶಕದಡಿ ಪರೀಕ್ಷಿಸಿದಾಗ ಮೂವರಲ್ಲಿ ರೋಗನಿರ್ಣಯ ದೃಢಪಟ್ಟಿತು.

ತಾಂಡಾದಲ್ಲಿ ನೋಡಿಸಿಕೊಂಡವರಲ್ಲಿ ಅರ್ಧಕ್ಕಿಂತ ಹೆಚ್ಚು ಮಂದಿಗೆ ಒಂದೇ ರೋಗವೆಂದರೆ ಅದು ಮುಲಾಮಿನಿಂದ ಹೋಗತಕ್ಕದ್ದಲ್ಲವೆಂಬುದು ಸ್ಪಷ್ಟ. ಇದಕ್ಕೆ ನಿರ್ದಿಷ್ಟವಾದ ಔಷಧವಿಲ್ಲ. ಮೊದಲ ಚಿಕಿತ್ಸೆ ಬೇರೆ ನೀರು, ಎರಡನೆಯದು ಪುಷ್ಟಿಯಾದ ಆಹಾರ. ಬಣ್ಣಗೆಟ್ಟ ಚುಕ್ಕೆಗಳು ಕೆಲವರಲ್ಲಿ ತಿಳಿಯಾಗಬಹುದು. ಗಟ್ಟಿಯಾದ ಅಂಗೈ ಸುಲಭವಾಗಿ ಮೊದಲಿನಂತಾಗುವುದಿಲ್ಲ. ಅರ್ಬುದವು ನೀರನ್ನು ಬದಲಿಸಿ ಎಷ್ಟೋ ವರ್ಷಗಳಾದ ಮೇಲೂ ಕಾಣಿಸಿಕೊಳ್ಳಬಹುದಾದುದರಿಂದ ರೋಗಿಗಳನ್ನು ಮತ್ತೆ ಮತ್ತೆ ನೋಡುತ್ತಿರಬೇಕಾಗುತ್ತದೆ.

ಇಲ್ಲಿ ಚರಿತ್ರೆಯ ವಿದ್ಯಾರ್ಥಿ ಎಚ್ಚರಿಕೆಯಿಂದಿರಬೇಕಾದ ಸಂಗತಿಯೊಂದಿದೆ. ಆಯುರ್ವೇದದಲ್ಲಿ ಕುಷ್ಠವೆಂದರೆ ಇಂದಿನ ಕುಷ್ಠರೋಗವೊಂದೇ ಅಲ್ಲ. ಏಳು ಮಹಾಕುಷ್ಠಗಳೂ ಹನ್ನೊಂದು ಕ್ಷುದ್ರಕುಷ್ಠಗಳೂ ಸೇರಿ ಬಹುಮಟ್ಟಿಗೆ ಚರ್ಮರೋಗಗಳೆಲ್ಲವೂ ಆ ಹೆಸರಿನಲ್ಲಿ ಅಡಕವಾಗಿವೆ. ಅವುಗಳಲ್ಲಿ ವಿಪಾದಿಕೆಯೆಂಬುದು ಕೈಕಾಲುಗಳು ಬಿರಿಯುವ ರೋಗ. ಇದನ್ನು ಓದಿ, ಹಟ್ಟಿಯ ಪ್ರಾಚೀನ ಗಣಿಗಾರರಿಗೂ ಇದೇ ಪಾಷಾಣರೋಗವಿದ್ದಿತೆಂದು ಬರೆಯುವ ಆಸೆ ಹುಟ್ಟುವುದು ಸಹಜ. ನನ್ನ ಅಭಿಪ್ರಾಯದಲ್ಲಿ ಅದು ದುಡುಕು. ಒಣಹವೆಯಲ್ಲಿ ಬರಿಗಾಲಿನಲ್ಲಿ ದುಡಿಯುವವರ ಅಂಗಾಲು ಯಾವ ವಿಷವೂ ಇಲ್ಲದೆಯೇ ಬಿರಿಯುತ್ತದೆ. ಅಲ್ಲದೆ ಹಳೆಯವರು ಕುಡಿದದ್ದು ಹಳ್ಳ ಮತ್ತು ತೆರೆದ ಬಾವಿಗಳ ನೀರು. ಬಂಡೆಯನ್ನು ಆಳವಾಗಿ ಕೊರೆದು ನೀರೆತ್ತುವ ಕೊಳವೆ ಬಾವಿ ಈಚಿನ ಕಾಲದ್ದು.

ಜನರಿಗೂ ಪಶುಗಳಿಗೂ ಚಿಕಿತ್ಸೆಯನ್ನು ಏರ್ಪಡಿಸಿ, ಮೂಲಿಕೆಗಳನ್ನು ನೆಡಿಸಿ, ದಾರಿಗಳಲ್ಲಿ ಬಾವಿಗಳನ್ನು ತೋಡಿಸಿದೆನೆಂದು ಅಶೋಕನು ಹೇಳಿಕೊಂಡ ಮಾತು ಮಸ್ಕಿಯಲ್ಲಿದೆಯೆಂದು ಕೆಲವರು ತಪ್ಪಾಗಿ ತಿಳಿಯುವುದುಂಟು. ಅದು ಎರಡನೆಯ ಬಂಡೆಶಾಸನದ ಮಾತು. ಈ ಕಡೆಗೆ ಸಮೀಪದ ಅದರ ಪಾಠ ಕರ್ನೂಲು ಸೀಮೆಯ ಎರ್ರಗುಡಿಯಲ್ಲಿದೆ. ಕಿರದಳ್ಳಿಯಲ್ಲಿ ವಿಷವನ್ನು ಮೇಲಕ್ಕೆ ತಂದದ್ದು ಬಾವಿಯೇ ಎಂಬುದು 2013ರ ಲೇಖಕರ ಊಹೆ. ಮನೆಗಳ ಸುತ್ತಲಿನ ಮಣ್ಣೂ ಕಾರಣವಾಗಿರಬಹುದೆಂದು ಅವರು ಸೇರಿಸಿದ್ದಾರೆ. ಇದರಲ್ಲಿ ಬಂಡೆಯ ಪಾಲೆಷ್ಟು, ಗಣಿಯ ಪಾಲೆಷ್ಟು ಎಂಬುದನ್ನು ಮುಂದಿನ ಪರಿಶೋಧನೆಗೆ ಬಿಟ್ಟಿದ್ದಾರೆ.