ಬಚ್ಚಲುಮನೆ ಗೋಡೆ ಥಂಡಿ ಹೊಡೀತಿದೆಯಾ? ಫೋಮ್ ತರೋ ಮುಂಚೆ ಇದನ್ನ ಓದಿ

ಸಾಗರ, ತೀರ್ಥಹಳ್ಳಿ ಕಡೆಯ ಹಳೇ ಜಂಬಿಟ್ಟಿಗೆ ಮನೆಗಳಲ್ಲಿ ಪಶ್ಚಿಮದ ಗೋಡೆಗೆ ಮುಂಗಾರು ಮಳೆ ನೇರವಾಗಿ ಹೊಡೆಯುತ್ತೆ. ಒದ್ದೆ ಗೋಡೆ ಒಣ ಗೋಡೆಗಿಂತ ಬೇಗ ಶಾಖ ಕಳೆದುಕೊಳ್ಳುತ್ತೆ. ಬಚ್ಚಲು ಆ ಕಡೆ ಇದ್ದರೆ ಥಂಡಿ, ಮೂಲೆಯಲ್ಲಿ ಕಪ್ಪು ಬೂಷ್ಟು.

ಪರೀಕ್ಷೆ: ಒಂದು ಚದರಡಿ ಪ್ಲಾಸ್ಟಿಕ್ ಹಾಳೆಯನ್ನು ಗೋಡೆಗೆ ನಾಲ್ಕೂ ಅಂಚು ಟೇಪ್ ಹಾಕಿ ಅಂಟಿಸಿ, 2 ದಿನ ಬಿಡಿ. ಹಾಳೆ ಹಿಂದೆ ನೀರು ಕೂತರೆ ತೇವ ಗೋಡೆಯದ್ದು. ಮುಂದೆ ಕೂತರೆ ಸ್ನಾನದ ಹಬೆ. ಎಕ್ಸಾಸ್ಟ್ ಫ್ಯಾನ್ ಹಾಕಿಸಿ.

ಗೋಡೆಯ ತೇವವಾದರೆ ಮೊದಲು ಹೊರಗಿನ ಕೆಲಸ. ಪೈಪ್ ಸೋರಿಕೆ, ಸೂರಿನ ನೀರು ಸರಿಮಾಡಿ. ಹಿರಿಯರು ಕಟ್ಟುತ್ತಿದ್ದ ಅಡಿಕೆ ಸೋಗೆ ತಟ್ಟಿ ಈಗಲೂ ಕೆಲಸಕ್ಕೆ ಬರುತ್ತೆ, ಇಲ್ಲಾಂದ್ರೆ ತಗಡಿನ ಶೀಟು. ಗೋಡೆಗೂ ಅದಕ್ಕೂ ನಡುವೆ 3 ಇಂಚು ಗಾಳಿಯಾಡಲಿ.

ಶಿವರಾತ್ರಿ ಕಳೆದು ಗೋಡೆ ಪೂರ್ತಿ ಒಣಗಿದ ಮೇಲೆ ಒಳಗೆ 1 ಇಂಚಿನ ಎಕ್ಸ್‌ಪಿಎಸ್ ಫೋಮ್ ಬೋರ್ಡ್ ಅಂಟಿಸಿ. ಸಂದುಗಳಿಗೆ ಟೇಪ್, ಮೇಲೆ ಸಿಮೆಂಟ್ ಬೋರ್ಡ್, ವಾಟರ್‌ಪ್ರೂಫಿಂಗ್, ಕೊನೆಗೆ ಟೈಲ್ಸ್. ಸಂದು ಬಿಟ್ಟರೆ ಹಬೆ ಹಿಂದೆ ಸೇರಿ ಮತ್ತೆ ಬೂಷ್ಟು.

ಒಲೆ ಉರಿಸುವ ಹಂಡೆ ಪಕ್ಕದ ಗೋಡೆಗೆ ಫೋಮ್ ಬೇಡವೇ ಬೇಡ, ಬೆಂಕಿ ಹತ್ತುತ್ತೆ. ಒದ್ದೆ ಗೋಡೆಗೆ ಆಯಿಲ್ ಪೇಂಟ್ ಬಳಿದರೂ ಪೊರೆ ಎದ್ದು ದುಡ್ಡು ದಂಡ.