ಸಗರನಾಡಿನ ಧರ್ಮದತ್ತಿಗಳಲ್ಲಿ ಮುದುಕರೂ ಮಕ್ಕಳೂ

ಶಹಾಪುರ ತಾಲೂಕಿನ ಶಿರವಾಳಕ್ಕೆ ಹೋದವರು ಅಲ್ಲಿಯ ಕಲ್ಲುಗುಡಿಗಳನ್ನು ಕಂಡು ಬೆರಗಾಗುವುದು ಸಹಜವು. ಇಂದು ಸಾಮಾನ್ಯ ಹಳ್ಳಿಯಾಗಿರುವ ಈ ಊರಿನಲ್ಲಿ ರಾಷ್ಟ್ರಕೂಟರ ಮತ್ತು ಕಲ್ಯಾಣದ ಚಾಲುಕ್ಯರ ಕಾಲದ ಅನೇಕ ದೇಗುಲಗಳು ಉಳಿದಿರುತ್ತವೆ. ಅವುಗಳ ಶಿಲ್ಪವನ್ನು ಕುರಿತು ಬಲ್ಲವರು ಹೇಳಬೇಕು. ನಮ್ಮ ಪ್ರಶ್ನೆಯು ಬೇರೆ. ಇಷ್ಟು ಗುಡಿಗಳನ್ನು ಕಟ್ಟಿಸಬಲ್ಲಷ್ಟು ಸಿರಿಯಿದ್ದ ನಾಡಿನಲ್ಲಿ ಗಂಡನನ್ನು ಕಳೆದುಕೊಂಡ ಹೆಂಗಸಿಗೆ, ತಾಯಿತಂದೆಗಳಿಲ್ಲದ ಹುಡುಗನಿಗೆ, ರಟ್ಟೆಯ ಬಲ ಉಡುಗಿದ ಮುದುಕನಿಗೆ ಅನ್ನವೆಲ್ಲಿಂದ ಬರುತ್ತಿದ್ದಿತು? ಒಂದೇ ಊರಿನ ಕಲ್ಲುಗಳಿಂದ ಇದಕ್ಕೆ ಉತ್ತರ ದೊರೆಯದು. ಭೀಮಾ ಕೃಷ್ಣೆಯರ ನಡುವಣ ಸಗರನಾಡಿನ ಮತ್ತು ಅದರ ನೆರೆಹೊರೆಯ ಶಾಸನಗಳನ್ನು ಕೂಡಿಸಿ ಓದಬೇಕಾಗುವುದು.

ನಮ್ಮ ಶಾಸನಗಳನ್ನು ಓದುವವರಲ್ಲಿ ಒಂದು ರೂಢಿ ಬಿದ್ದುಹೋಗಿದೆ. ಅರಸನ ಹೆಸರು, ಬಿರುದು, ಶಕವರ್ಷ ಇವು ಸಿಕ್ಕಿದ ಕೂಡಲೆ ಕಲ್ಲಿನ ಕೆಲಸ ಮುಗಿಯಿತೆಂದು ಎಣಿಸುತ್ತೇವೆ. ದತ್ತಿಯನ್ನು ಯಾತಕ್ಕೆ ಬಿಟ್ಟರೆಂಬ ಕಡೆಯ ಸಾಲುಗಳು ಓದಲು ಬೇಸರವೆನಿಸುವವಷ್ಟೆ. ಆದರೆ ಊರಿನ ಜನರು ಬಾಳಿದ್ದುದು ಆ ಸಾಲುಗಳಲ್ಲಿಯೇ. ಸುರಪುರ ತಾಲೂಕಿನ ಯೇವೂರಿನ ಕ್ರಿ. ಶ. 1077ರ ಶಾಸನವು ಚಾಲುಕ್ಯರ ವಂಶಾವಳಿಗಾಗಿ ಪ್ರಸಿದ್ಧವಾದುದು. ಆರನೆಯ ವಿಕ್ರಮಾದಿತ್ಯನ ಕಾಲದ್ದು. ಅದೇ ಶಾಸನದಲ್ಲಿ ಅಲ್ಲಿಯ ಸ್ವಯಂಭು ದೇವರ ಅಂಗಭೋಗದೊಡನೆ ತಪಸ್ವಿಗಳ ಮತ್ತು ವಿದ್ಯಾರ್ಥಿಗಳ ಅನ್ನವಸ್ತ್ರಗಳಿಗೂ, ಪಾಠ ಹೇಳುವವರ ಜೀವನಕ್ಕೂ ಏರ್ಪಾಡಾಗಿದ್ದಿತೆಂಬುದನ್ನು ವಂಶಾವಳಿಯಷ್ಟು ಜನರು ನೆನೆಯುವುದಿಲ್ಲ. ದೇವರ ಎಣ್ಣೆಬತ್ತಿಯೂ ಹುಡುಗನ ಊಟವೂ ಒಂದೇ ಹೊಲದ ಹುಟ್ಟುವಳಿಯಿಂದ ನಡೆಯುತ್ತಿದ್ದುವು.

ಇಲ್ಲಿಂದ ಬಹುದೂರವಲ್ಲದ ಚಿತ್ತಾಪುರ ತಾಲೂಕಿನ ನಾಗಾವಿಯ ಸಂಗತಿಯು ಇನ್ನೂ ವಿಸ್ತಾರವಾದುದು. ತ್ರೈಲೋಕ್ಯಮಲ್ಲ ಸೋಮೇಶ್ವರನ ಆಳ್ವಿಕೆಯಲ್ಲಿ, ಕ್ರಿ. ಶ. 1058ರಲ್ಲಿ, ಅಲ್ಲಿಯ ಘಟಿಕಾಸ್ಥಾನದಲ್ಲಿ ವೇದವನ್ನು ಓದುವ 200 ಮಂದಿ, ಶಾಸ್ತ್ರವನ್ನು ಓದುವ ಸುಮಾರು 50 ಮಂದಿ ವಿದ್ಯಾರ್ಥಿಗಳಿದ್ದರು. ಉಪಾಧ್ಯಾಯರಲ್ಲದೆ ಪುಸ್ತಕಗಳನ್ನು ಕಾಯುವ ಸರಸ್ವತೀಭಂಡಾರಿಗರೇ ಆರು ಮಂದಿ. ಇವರೆಲ್ಲರ ನಿರ್ವಾಹಕ್ಕೂ ಭೂಮಿಯನ್ನು ಹಂಚಿಕೊಡಲಾಗಿತ್ತು. ಹೊರಗಿನಿಂದ ಬಂದ ಒಬ್ಬ ಬಾಲಕನನ್ನು ವರ್ಷಗಟ್ಟಲೆ ಸಾಕುವುದೆಂದರೆ ಅವನ ಮನೆಯ ಭಾರವನ್ನು ಊರು ಹೊತ್ತುಕೊಂಡಂತೆಯೇ ಸರಿ.

ಆದರೆ ನಮಗೆ ಎಲ್ಲಕ್ಕಿಂತ ಸ್ವಾರಸ್ಯವಾಗಿ ತೋರುವುದು ಇಂಡಿ ತಾಲೂಕಿನ ಸಾಲೋಟಗಿಯ ಏರ್ಪಾಡು. ಶಕ 867 ಎಂದರೆ ಕ್ರಿ. ಶ. 945ರಲ್ಲಿ, ರಾಷ್ಟ್ರಕೂಟ ಮೂರನೆಯ ಕೃಷ್ಣನ ಕಾಲದಲ್ಲಿ, ಅವನ ಮಂತ್ರಿಯಾದ ನಾರಾಯಣನೆಂಬವನು ಅಲ್ಲಿ ಒಂದು ಶಾಲೆಯನ್ನು ಕಟ್ಟಿಸಿದನು. ನಾನಾ ದೇಶಗಳಿಂದ ಬಂದ ವಿದ್ಯಾರ್ಥಿಗಳು ತಂಗಲು 27 ಮನೆಗಳನ್ನು ಬಿಡಲಾಯಿತು. ದೀಪದ ಎಣ್ಣೆಗೆಂದೇ 12 ನಿವರ್ತನ ಭೂಮಿಯಿತ್ತು. ಇಷ್ಟಾದರೆ ಇದು ದೊಡ್ಡವರ ದಾನವೆಂದು ಸುಮ್ಮನಾಗಬಹುದಾಗಿದ್ದಿತು. ಆದರೆ ಊರವರೂ ತಮ್ಮ ಮೇಲೆ ತಾವೇ ಒಂದು ಕಟ್ಟಳೆಯನ್ನು ವಿಧಿಸಿಕೊಂಡರು. ಮನೆಯಲ್ಲಿ ಮದುವೆಯಾದರೆ ಶಾಲೆಗೆ ಐದು ನಾಣ್ಯ, ಉಪನಯನವಾದರೆ ಎರಡೂವರೆ, ಚೌಲಕ್ಕೆ ಅದಕ್ಕಿಂತಲೂ ಕಡಿಮೆ. ತನ್ನ ಮಗನ ಮದುವೆಯ ಸಂಭ್ರಮದಲ್ಲಿರುವ ಗೃಹಸ್ಥನು ಪರದೇಶದ ಹುಡುಗನೊಬ್ಬನ ಎಲೆಯನ್ನು ಮರೆಯಕೂಡದೆಂಬ ಲೆಕ್ಕಾಚಾರವಿದು! ದಾನವು ದಾನಿಯ ಆ ದಿನದ ಮನಸ್ಸನ್ನು ಅವಲಂಬಿಸದೆ ಸಂಸಾರದ ಶುಭಕಾರ್ಯಗಳಿಗೆ ಅಂಟಿಕೊಂಡಿದ್ದಿತು. ಊರಲ್ಲಿ ಎಲ್ಲಿಯವರೆಗೆ ಮದುವೆಗಳಾಗುತ್ತವೆಯೋ ಅಲ್ಲಿಯವರೆಗೆ ಶಾಲೆಯ ಒಲೆ ಆರುವಂತಿರಲಿಲ್ಲ.

ಇದನ್ನೆಲ್ಲ ಹೇಳುವಾಗ ಒಂದು ಮಾತನ್ನು ಮರೆಮಾಚುವುದು ಪ್ರಾಮಾಣಿಕತೆಯಲ್ಲ. ಈ ಎಲೆಗಳ ಮುಂದೆ ಕುಳಿತವರು ಯಾರು? ಘಟಿಕಾಸ್ಥಾನದ ವಿದ್ಯಾರ್ಥಿಗಳು ದ್ವಿಜರ ಗಂಡುಮಕ್ಕಳು. ನಾಗಾವಿಯ ಹೊಲಗಳನ್ನು ಉತ್ತವನ ಮಗನಿಗೆ ಆ ಸರಸ್ವತೀಭಂಡಾರದ ಬಾಗಿಲು ತೆರೆದಿರಲಿಲ್ಲ. ಹೆಣ್ಣುಮಕ್ಕಳ ಮಾತಂತೂ ಬೇಡ. ಪೂರ್ವಿಕರ ಔದಾರ್ಯವನ್ನು ಹೊಗಳುವ ಉತ್ಸಾಹದಲ್ಲಿ ನಮ್ಮ ಲೇಖಕರು ಇಲ್ಲಿ ಹೆಜ್ಜೆಯನ್ನು ಬೇಗಬೇಗ ಎತ್ತಿಡುವುದುಂಟು.

ದುಡಿಯುವ ಜನರ ಸಂಸಾರಕ್ಕೆ ದೊರೆತ ಆಶ್ರಯವನ್ನು ಬೇರೆ ಕಲ್ಲುಗಳಲ್ಲಿ ಹುಡುಕಬೇಕು. ತುರುಗಳನ್ನು ಕಾಯುತ್ತಲೋ ಊರಳಿವಿನಲ್ಲೋ ಮಡಿದವನ ಮನೆಯವರಿಗೆ ಭೂಮಿ ಬಿಡುವ ಪದ್ಧತಿಯು ಕನ್ನಡ ನಾಡಿನಲ್ಲೆಲ್ಲ ಇದ್ದಿತು. ನೆತ್ತರುಗೊಡಗೆಯೆಂಬ ಹೆಸರೇ ಅದರ ಅರ್ಥವನ್ನು ಹೇಳುತ್ತದೆ. ವೀರಗಲ್ಲಿನ ಮೇಲಣ ಅಪ್ಸರೆಯರನ್ನು ನಾವೆಲ್ಲರೂ ನೋಡಿ ಮೆಚ್ಚುವೆವು. ಸತ್ತವನ ಹೆಂಡತಿಮಕ್ಕಳು ಮರುದಿನ ಏನನ್ನು ಉಂಡರೆಂಬುದನ್ನು ಹೇಳುವುದು ಮಾತ್ರ ಈ ಕೊಡಗೆಯ ಮಾತು. ಕಾದಿ ಸತ್ತವನಿಗೆ ಇದು ಸರಿ. ಜ್ವರದಿಂದ ಸತ್ತವನ ಮನೆಗೆ ಯಾರೂ ಕಲ್ಲು ನಿಲ್ಲಿಸಲಿಲ್ಲ.

ಇನ್ನು ಮುದುಕರು. ಮುಪ್ಪೊಂದನ್ನೇ ಕಾರಣವಾಗಿಟ್ಟುಕೊಂಡು ಬಿಟ್ಟ ದತ್ತಿಯು ಇಂಥ ಶಾಸನಗಳಲ್ಲಿ ಸಾಮಾನ್ಯವಾಗಿ ಎದುರಾಗುವುದಿಲ್ಲ. ಅವರು ‘ದೀನಾನಾಥ’ರೆಂಬ ದೊಡ್ಡ ಗುಂಪಿನೊಳಗೆ ಅಡಗಿಹೋಗಿರುವರು. ಆ ಗುಂಪಿನ ಮುಖಗಳು ಸ್ವಲ್ಪ ಸ್ಪಷ್ಟವಾಗಿ ಕಾಣುವುದು ಬಳ್ಳಿಗಾವೆಯ ಕೋಡಿಯಮಠದ 1162ರ ಶಾಸನದಲ್ಲಿ. ಕಾಳಾಮುಖರ ಆ ಮಠವು ವಿದ್ಯೆಯ ತಾಣವಾಗಿದ್ದುದಲ್ಲದೆ ಕುಂಟರು, ಕುರುಡರು, ಕಿವುಡರು ಮೊದಲಾದವರಿಗೆ ಅನ್ನವನ್ನಿಕ್ಕುವ, ರೋಗಿಗಳಿಗೆ ಔಷಧ ಕೊಡುವ ನೆಲೆಯೂ ಆಗಿತ್ತೆಂದು ಅದು ವರ್ಣಿಸುತ್ತದೆ. ಬಳ್ಳಿಗಾವೆಯು ನಮಗೆ ದೂರದ ಮಲೆನಾಡಿನ ಸೆರಗಿನ ಊರು. ಆದರೂ ಯೇವೂರಿನಂತಹ ಊರುಗಳ ಶೈವ ಸ್ಥಾನಗಳಲ್ಲಿ ಇದೇ ಧರ್ಮದ ಚಿಕ್ಕ ಪ್ರತಿಗಳು ನಡೆದಿರಬೇಕೆಂದು ಊಹಿಸುವುದು ತಪ್ಪಾಗಲಾರದು. ಮುಪ್ಪಿಗೆ ಪ್ರತ್ಯೇಕ ಏರ್ಪಾಡು ಏಕಿಲ್ಲವೆಂದರೆ, ಮುದುಕನು ಮಗನ ಮನೆಯಲ್ಲಿರುವನೆಂದೇ ಎಲ್ಲರೂ ತಿಳಿದಿದ್ದರು. ಮನೆಯೇ ಮೊದಲನೆಯ ಛತ್ರ. ಅದು ಮುರಿದಾಗ ಮಾತ್ರ ಮಠ.

ಅದೇ ಹನ್ನೆರಡನೆಯ ಶತಮಾನದಲ್ಲಿ ಶರಣರು ಈ ಲೆಕ್ಕವನ್ನೇ ಬದಲಾಯಿಸಿದರು. ಭೂಮಿಯ ಉಂಬಳಿಯನ್ನು ನೆಚ್ಚದೆ, ಕೈಕಾಯಕದಿಂದ ಬಂದುದನ್ನು ದಾಸೋಹಕ್ಕೆ ಸಲ್ಲಿಸುವುದೆಂಬ ಮಾರ್ಗವದು. ಸುರಪುರ ತಾಲೂಕಿನ ಮುದನೂರು ತನ್ನದೆಂದು ಹೇಳಿಕೊಳ್ಳುವ ದೇವರ ದಾಸಿಮಯ್ಯನು ನೇಯ್ಗೆಯವನು. ಬಹು ಕಾಲದ ಮೇಲೆ, ಅರಳಗುಂಡಗಿಯಲ್ಲಿ ಹುಟ್ಟಿದ ಶರಣಬಸವೇಶ್ವರರು (1746–1822) ಒಕ್ಕಲುತನದಿಂದ ದಾಸೋಹವನ್ನು ನಡೆಯಿಸಿ ಕಲಬುರ್ಗಿಯಲ್ಲಿ ನೆಲಸಿದರು. ಹೊಲಕ್ಕೆ ಬಂದ ಹಕ್ಕಿಗಳನ್ನು ಕೂಡ ಅವರು ಓಡಿಸುತ್ತಿರಲಿಲ್ಲವೆಂಬ ಕಥೆಯನ್ನು ಈ ಭಾಗದ ಅಜ್ಜಿಯರು ಮಕ್ಕಳಿಗೆ ಇಂದಿಗೂ ಹೇಳುತ್ತಾರೆ. ಇಲ್ಲಿ ಉಣ್ಣುವವನ ಕುಲವನ್ನು ಕೇಳುವ ಪ್ರಶ್ನೆಯಿಲ್ಲ. ಅಷ್ಟರಮಟ್ಟಿಗೆ ಘಟಿಕಾಸ್ಥಾನಕ್ಕಿಂತ ಇದು ದೊಡ್ಡದು. ಆದರೆ ಇಕ್ಕುವ ಕೈ ಗಟ್ಟಿಯಾಗಿರುವ ತನಕ ಮಾತ್ರ ಇದು ದೊಡ್ಡದು. 1876–78ರ ಬರದಂತಹ ಕಾಲದಲ್ಲಿ ಇಕ್ಕುವವನೂ ಬೇಡುವವನೂ ಒಂದೇ ದಾರಿ ಹಿಡಿಯಬೇಕಾಯಿತು.

ಸುರಪುರದ ಸಂಸ್ಥಾನವು 1858ರಲ್ಲಿ ಅಳಿದು, 1860ರಲ್ಲಿ ನಿಜಾಮರಿಗೆ ಸೇರಿ, 1948ರ ಸಪ್ಟೆಂಬರಿನಲ್ಲಿ ಹೈದರಾಬಾದು ಭಾರತದಲ್ಲಿ ಲೀನವಾದುದನ್ನು ಇಲ್ಲಿ ಬೆಳೆಯಿಸುವ ಕಾರಣವಿಲ್ಲ. ನಮ್ಮ ವಿಷಯಕ್ಕೆ ಅದಕ್ಕಿಂತ ಮುಖ್ಯವಾದುದು 1974ರಲ್ಲಿ ಜಾರಿಗೆ ಬಂದ ಭೂಸುಧಾರಣೆ. ಉಳುವವನಿಗೆ ಹೊಲ ದೊರೆತುದು ನ್ಯಾಯವೇ ಸರಿ. ನಾಗಾವಿಯ ಹೊಲವನ್ನು ಉತ್ತವನ ಬಾಕಿಯು ಆಗ ಸ್ವಲ್ಪ ಸಂದಿತೆನ್ನಬಹುದು. ಅದರೊಡನೆ ಗುಡಿಮಠಗಳ ಅನೇಕ ದತ್ತಿಭೂಮಿಗಳೂ ಕೈಬಿಟ್ಟವು. ಊರಿನ ಅನ್ನವು ಊರಿನ ಹೊಲದಿಂದ ಬರುವ ಹಳೆಯ ಸಂಬಂಧವು ಅಲ್ಲಿಗೆ ತುಂಡಾಯಿತು.

ಮರುವರ್ಷವೇ, 1975ರ ಅಕ್ಟೋಬರ 2ರಂದು, ಶಿಶುಗಳಿಗೂ ತಾಯಂದಿರಿಗೂ ಅಂಗನವಾಡಿಯ ಯೋಜನೆಯು ದೇಶದ 33 ಕಡೆಗಳಲ್ಲಿ ಆರಂಭವಾಯಿತು. ಕರ್ನಾಟಕದಲ್ಲಿ ಮೊದಲಿಗೆ ತಿರುಮಕೂಡಲು ನರಸೀಪುರದಲ್ಲಿ. ಅಂಗನವಾಡಿಯಲ್ಲಿ ಹೆಣ್ಣುಮಗುವೂ ಗಂಡುಮಗುವೂ, ಎಲ್ಲ ಕೇರಿಗಳ ಮಕ್ಕಳೂ ಒಂದೇ ಸಾಲಿನಲ್ಲಿ ಕುಳಿತುಕೊಳ್ಳಬೇಕೆಂಬುದು ನಿಯಮ. ಸಾವಿರ ವರ್ಷಗಳ ನಮ್ಮ ಅನ್ನದಾನದ ಚರಿತ್ರೆಯಲ್ಲಿ ಇದೊಂದು ಸಣ್ಣ ಸಂಗತಿಯಲ್ಲ. ಮುಪ್ಪಿಗೆಂದೇ ಇರುವ ಸಂಧ್ಯಾಸುರಕ್ಷಾ ವೇತನವು 2007ರಲ್ಲಿ ಬಂದಿತು. 65 ವರ್ಷ ತುಂಬಿದ ಸಣ್ಣ ರೈತರು, ಕೃಷಿಕೂಲಿಗಳು, ನೇಕಾರರು ಮುಂತಾದವರಿಗೆ ಅದು ಸಲ್ಲುವುದು. ದೀನಾನಾಥರ ಗುಂಪಿನೊಳಗಿನಿಂದ ಮುದುಕನು ಹೊರಗೆ ಬಂದು ತನ್ನ ಹೆಸರಿನಿಂದಲೇ ಲೆಕ್ಕದ ಪುಸ್ತಕವನ್ನು ಸೇರಿದನು.

ಆದರೆ ಮನೆಯೇ ಮೊದಲನೆಯ ಛತ್ರವೆಂದೆವಲ್ಲವೆ? ಆ ಮನೆಯ ಸ್ಥಿತಿಯು ಈಗ ಹೇಗಿದೆ? ಯಾದಗಿರಿಯು 2009ರ ಕೊನೆಯಲ್ಲಿ ಬೇರೆ ಜಿಲ್ಲೆಯಾಯಿತು. ಸಂವಿಧಾನದ 371 ಜೆ ವಿಧಿಯಿಂದ ಈ ಭಾಗಕ್ಕೆ ವಿಶೇಷ ಸ್ಥಾನವೂ ದೊರೆಯಿತು. ಹೀಗಿದ್ದರೂ ಸುಗ್ಗಿ ಮುಗಿದ ಮೇಲೆ ಇಲ್ಲಿಯ ಹಳ್ಳಿಗಳಿಂದ ಬೆಂಗಳೂರು, ಮುಂಬಯಿ, ಪುಣೆಗಳಿಗೆ ಕೂಲಿಗಾಗಿ ಹೊರಡುವ ಸಂಸಾರಗಳು ಅನೇಕ. ಹಿಂದೆ ಸಾಲೋಟಗಿಗೆ ಹುಡುಗನು ಒಬ್ಬನೇ ಬರುತ್ತಿದ್ದನು, ತಾಯಿತಂದೆಗಳು ಊರಲ್ಲಿರುತ್ತಿದ್ದರು. ಈಗ ತಾಯಿತಂದೆಗಳು ಹೋಗುತ್ತಾರೆ, ಹುಡುಗನು ಅಜ್ಜಿಯೊಡನೆ ಉಳಿಯುತ್ತಾನೆ. ವೇತನದ ಹಣದಿಂದ ಅಜ್ಜಿಯು ಜೋಳವನ್ನು ಕೊಂಡಾಳು. ಅದನ್ನು ಬೀಸಿ, ರೊಟ್ಟಿ ತಟ್ಟಿ, ಮೊಮ್ಮಗನನ್ನು ಶಾಲೆಗೆ ಎಬ್ಬಿಸಿ ಕಳುಹುವ ಕೆಲಸಕ್ಕೆ ಅವಳ ಕೈಗಳೇ ಆಗಬೇಕು.

ಗ್ರಾಮ ಪಂಚಾಯತಿಗಳಲ್ಲಿ ಕೂಲಿಗೆ ಹೋಗುವ ತಾಯಂದಿರ ಎಳೆಯ ಮಕ್ಕಳಿಗಾಗಿ ‘ಕೂಸಿನ ಮನೆ’ಗಳನ್ನು 2023ರಿಂದ ತೆರೆಯಲಾಗುತ್ತಿದೆ. ಅಲ್ಲಿ ಮಕ್ಕಳನ್ನು ನೋಡಿಕೊಳ್ಳುವವರು ಅದೇ ಊರಿನ ಹೆಂಗಸರು; ತಾಯಿಯು ಬೆಳಿಗ್ಗೆ ಮಗುವನ್ನು ಒಪ್ಪಿಸಿ, ಸಂಜೆ ಕೆಲಸದಿಂದ ಮರಳಿ ಎತ್ತಿಕೊಂಡು ಹೋಗುವಳು.